ಮಣಿಕಟ್ಟು ಅಲುಗಿಸಿದ್ದಕ್ಕೇ ಇಷ್ಟು ಗಲಾಟೆಯೇ?

ಪ್ರಶ್ನೆ: ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ ಎಂದು ಪ್ರಯೋಗದಲ್ಲಿ ಸಾಬೀತಾಗಿದೆಯಂತೆ. ಹಾಗಾದರೆ ಸ್ವಂತ ಇಚ್ಛೆ ಅನ್ನೋದು ಸುಳ್ಳಾ?

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. ಹಾಗೆ ಹೇಳುವ ವಿಡಿಯೊ ಎಲ್ಲರೂ ನೋಡಿರುತ್ತೀರಿ. ಪ್ರಯೋಗದಲ್ಲಿ ಮಾಡಿದ್ದೇನು ಅಂತ ಒಬ್ಬರೂ ಕೇಳುವುದಿಲ್ಲ.

ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ತಲೆಗೆ ಇಇಜಿ ತಂತಿ (ಮಿದುಳಿನ ವಿದ್ಯುತ್ ಅಳೆಯುವುದು) ಹಚ್ಚಿ, ಮನಸ್ಸು ಬಂದಾಗ ಮಣಿಕಟ್ಟು ಅಲುಗಿಸಿ ಎಂದರು. ಎದುರಿಗೆ 2.56 ಸೆಕೆಂಡಿಗೊಂದು ಸುತ್ತು ಹಾಕುವ ಚುಕ್ಕೆ. ಅಲುಗಿಸೋಣ ಅನ್ನಿಸಿದಾಗ ಅದು ಎಲ್ಲಿತ್ತು, ಹೇಳಬೇಕು. ಕೈ ಅಲುಗುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನ ವಿದ್ಯುತ್ ಸಂಕೇತ ಏರತೊಡಗಿತ್ತು. ‘ಅನ್ನಿಸಿದ್ದು’ ಕೈ ಅಲುಗುವ ಸುಮಾರು 200 ಮಿಲಿಸೆಕೆಂಡ್ ಮೊದಲು, ಅಂದರೆ ಸಂಕೇತ ಏರತೊಡಗಿದ ಮೇಲೆ. ಈ ಅಂತರ ಹಿಡಿದುಕೊಂಡು ಜನ ಇಚ್ಛೆಗೆ ತಿಥಿಯನ್ನೇ ಮಾಡಿಬಿಟ್ಟರು. ಲಿಬೆಟ್ ಮಾಡಲಿಲ್ಲ. ಕೊನೆ ಗಳಿಗೆಯಲ್ಲಿ ‘ಬೇಡ’ ಎಂದು ತಡೆಯುವುದು ನಮ್ಮ ಕೈಲಿದೆ ಎಂದೇ ಅವರು ವಾದಿಸಿದರು.

ಆ ಸಂಕೇತ ನಿರ್ಧಾರವೇ ಹೌದಾ? 2012ರಲ್ಲಿ ನರವಿಜ್ಞಾನಿ ಆರನ್ ಶೂರ್ಗರ್ ತಂಡ ಬೇರೆ ವಿವರಣೆ ಕೊಟ್ಟಿತು. ಮಿದುಳಿನ ಚಟುವಟಿಕೆ ಸುಮ್ನೆ ಕೂತಾಗಲೂ ಏರಿಳಿಯುತ್ತಿರುತ್ತದೆ. ಇಂಥ ಹೊತ್ತಿಗೇ ಅಲುಗಿಸಬೇಕು ಎನ್ನಲು ಕಾರಣವೇ ಇಲ್ಲದಾಗ, ಆ ಏರಿಳಿತ ಒಂದು ಮಟ್ಟ ದಾಟಿದಾಗ ಕೈ ಅಲುಗುತ್ತದೆ. ಅಲುಗಿದ ಕ್ಷಣದಿಂದ ಹಿಂದಕ್ಕೆ ಎಣಿಸಿ ಸರಾಸರಿ ತೆಗೆದರೆ ಎಷ್ಟೋ ಮೊದಲೇ ತಯಾರಿ ನಡೆದಂತೆ ಕಾಣುತ್ತದೆ, ಅಷ್ಟೇ. ಇದೂ ಕೊನೆಯ ಮಾತಲ್ಲ, ಚರ್ಚೆ ನಡೆದೇ ಇದೆ.

ನನ್ನ ತಕರಾರು ಇನ್ನೊಂದಿದೆ. ಕೆಲಸ ಬಿಡೋದು, ಮನೆ ಮಾರೋದು ತಿಂಗಳುಗಟ್ಟಲೆ ಯೋಚಿಸುವ ಸಂಗತಿಗಳು. ಕಾರಣವಿಲ್ಲದೆ ಅಲುಗಿಸಿದ ಮಣಿಕಟ್ಟು ಅವುಗಳ ಬಗ್ಗೆ ಏನು ಹೇಳೀತು? ಇಚ್ಛೆಗೂ ಮಿದುಳಿನಲ್ಲಿ ಕಾರಣಗಳಿವೆ, ಒಪ್ಪುತ್ತೇನೆ. ಕಾರಣವಿದೆ ಎಂದ ಮಾತ್ರಕ್ಕೆ ಯಾರೋ ಬಲವಂತ ಮಾಡಿದರು ಎಂದಾಗುವುದಿಲ್ಲ. ಹಾಗಂತ ಸ್ವತಂತ್ರ ಇಚ್ಛೆ ಸಾಬೀತಾಯಿತು ಅಂತಲೂ ನಾನು ಬರೆದುಕೊಡುವುದಿಲ್ಲ.

ಪ್ರಶ್ನೆ: ಕ್ವಾಂಟಮ್ ವಿಜ್ಞಾನ ನಮಗೆ ಸ್ವತಂತ್ರ ಇಚ್ಛೆ ಕೊಡುತ್ತದಂತೆ?

ಉತ್ತರ: ಕ್ವಾಂಟಮ್ ಹೇಳುವುದು ಆಕಸ್ಮಿಕದ ಮಾತು. ದಾಳ ಉರುಳಿ ಬಿದ್ದರೆ ಅದು ನಿಮ್ಮ ನಿರ್ಧಾರವಾಯಿತಾ?

ಪ್ರಶ್ನೆ: ಎಲ್ಲಾ ಮೊದಲೇ ನಿಗದಿಯಾಗಿದ್ದರೆ ನಾನ್ಯಾಕೆ ಓದಬೇಕು ಅಂತಾನೆ ಮಗ.

ಉತ್ತರ: ಪಾಸಾಗಲು ಇರುವ ಕಾರಣಗಳಲ್ಲಿ ಓದೂ ಒಂದು. ಓದಲಿ.

ಪ್ರಶ್ನೆ: ಬೆರಳಚ್ಚಿನ ಡಿಎಂಐಟಿ ಪರೀಕ್ಷೆಯಲ್ಲಿ ಮಗು ಮುಂದೆ ಏನಾಗುತ್ತದೆಂದು ತಿಳಿಯುತ್ತದಾ?

ಉತ್ತರ: ಇಲ್ಲ. ಕಂಪ್ಯೂಟರ್ ಇಟ್ಟುಕೊಂಡು ಹೇಳುವ ಕಣಿ ಅದು. ಬೆರಳ ಗೆರೆಗಳು ಹುಟ್ಟುವ ಮೊದಲೇ ಮೂಡಿರುತ್ತವೆ. ಮಗುವಿನ ಬುದ್ಧಿ, ಆಸಕ್ತಿ ಅವುಗಳಲ್ಲಿ ಬರೆದಿರುವುದಿಲ್ಲ. ದುಡ್ಡು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಆ ವರದಿಯನ್ನು ಮಗುವಿನ ಕಣ್ಣಿಗೆ ಬೀಳಿಸಬೇಡಿ.