ದಿನದ ಓಡಾಟಕ್ಕೂ ಆಟೊಕ್ರಾಸ್‌ಗೂ ಒಂದೇ ಟೈರ್: ಜಿಆರ್86ಗೆ ಯಾವುದು ಹಾಕಿಸಬೇಕು?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು, ಬೇರೆಯವರಿಗೂ ಗೊತ್ತಾಗಲಿ ಅಂತ ಬರೆದುಬಿಡುತ್ತೇನೆ. ಇರೋದು ನ್ಯೂಜೆರ್ಸಿಯಲ್ಲಿ. ಕಾರು 17 ಇಂಚಿನ ಚಕ್ರದ ಟೊಯೋಟಾ ಜಿಆರ್86. ಆಫೀಸಿಗೆ ದಿನಾ ಅದೇ ಕಾರು. ಈ ವರ್ಷ ಎಸ್‌ಸಿಸಿಎ (ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್) ನಡೆಸುವ ಆಟೊಕ್ರಾಸ್‌ಗೆ ಹೋಗಲು ಶುರು ಮಾಡಿದ್ದೀರಿ. ಕಾರಿನ ಜೊತೆ ಬಂದ ಟೈರ್ ಸವೆದಿದೆ. ಅಲ್ಲಿನ ಹಳಬರೆಲ್ಲ ‘200 ಟ್ರೆಡ್‌ವೇರ್ ಟೈರ್ ಹಾಕು’ ಅನ್ನುತ್ತಿದ್ದಾರೆ (ಟ್ರೆಡ್‌ವೇರ್ ಅಂದರೆ ಟೈರಿನ ಬಾಳಿಕೆಯ ಅಂಕ, ವಿವರ ಮುಂದಿದೆ). ಎರಡಕ್ಕೂ ಆಗುವಂಥ ಒಂದು ಸೆಟ್ ಯಾವುದು?

ಉತ್ತರ ಮೊದಲೇ ಹೇಳುತ್ತೇನೆ. ಈ ಸಲ ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02 ಹಾಕಿಸಿ. ಬೆಲೆ ಜಾಸ್ತಿ ಅನ್ನಿಸಿದರೆ ಫೈರ್‌ಸ್ಟೋನ್ ಫೈರ್‌ಹಾಕ್ ಇಂಡಿ 500 ಸಾಕು. 200 ಟ್ರೆಡ್‌ವೇರ್ ಟೈರಿನ ವಿಚಾರ ಎರಡನೇ ಸೆಟ್ ಚಕ್ರ ಕೊಳ್ಳುವ ತನಕ ಬದಿಗಿಡಿ. ನಾನು ಪಕ್ಕದ ಪೆನ್ಸಿಲ್ವೇನಿಯಾದವನು, ನಿಮ್ಮ ಕಾರಿನ ಅಣ್ಣನಂಥ ಹಳೇ ಸುಬಾರು ಬಿಆರ್‌ಝೆಡ್ ಓಡಿಸುತ್ತೇನೆ. ಹಾಗಾಗಿ ನಿಮ್ಮ ಮಳೆ, ಚಳಿ, ಗುಂಡಿ ಎಲ್ಲ ನನಗೂ ಪರಿಚಯವೇ.

ಆಟೊಕ್ರಾಸ್ ನೋಡದವರಿಗೆ ಎರಡು ಮಾತು. ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೇ ರನ್‌ವೇ ಮೇಲೋ ಕೋನ್ ಇಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಕಾರುಗಳು ಒಂದೊಂದಾಗಿ ಹೋಗುತ್ತವೆ. ಎಷ್ಟು ಸೆಕೆಂಡಿಗೆ ಮುಗಿಸಿದಿರಿ ಅನ್ನುವುದೇ ಲೆಕ್ಕ. ಕೋನ್ ಬೀಳಿಸಿದರೆ ಒಂದಕ್ಕೆ 2 ಸೆಕೆಂಡ್ ಸೇರಿಸುತ್ತಾರೆ. ಒಂದು ರನ್ ಹೆಚ್ಚುಕಡಿಮೆ ಒಂದು ನಿಮಿಷ. ದಿನಕ್ಕೆ ಐದಾರು ರನ್ ಸಿಕ್ಕರೆ ಒಳ್ಳೆಯ ದಿನ.

ಅಂದರೆ ಇಡೀ ದಿನ ಅಲ್ಲಿದ್ದರೂ ಟೈರು ಜೋರಾಗಿ ದುಡಿಯುವುದು ಐದಾರು ನಿಮಿಷ. ಉಳಿದ ಆಯುಸ್ಸೆಲ್ಲ ಅದು ಕಳೆಯುವುದು ಟರ್ನ್‌ಪೈಕ್ ಹೆದ್ದಾರಿ ಮೇಲೆ, ಮಳೆಯಲ್ಲಿ, ಟ್ರಕ್ಕುಗಳ ಪಕ್ಕದಲ್ಲಿ. ಟೈರ್ ಆರಿಸುವಾಗ ನಾನು ಮೊದಲು ನೋಡುವುದು ಈ ಉಳಿದ ಆಯುಸ್ಸನ್ನೇ. ಆಟೊಕ್ರಾಸ್‌ನಲ್ಲಿ ಜಾರಿದರೆ ಕೋನ್ ಬೀಳುತ್ತದೆ, ಅಷ್ಟೇ. ಹೆದ್ದಾರಿಯಲ್ಲಿ ಜಾರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ಆ 200ರ ಕಥೆ. ಅಮೆರಿಕದಲ್ಲಿ ಕಾರಿನ ಟೈರುಗಳ ಪಕ್ಕೆಯ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಪಶ್ಚಿಮ ಟೆಕ್ಸಾಸ್‌ನ ರಸ್ತೆಗಳಲ್ಲಿ 400 ಮೈಲಿಯ ಒಂದು ಸುತ್ತು ಇದೆ. ಪರೀಕ್ಷೆಯ ಟೈರನ್ನು ಒಂದು ಪ್ರಮಾಣದ ಟೈರಿನ ಜೊತೆ ಅಲ್ಲಿ 7,200 ಮೈಲಿ ಓಡಿಸಿ, ಎಷ್ಟು ಸವೆದಿದೆ ಅಂತ ಹೋಲಿಸುತ್ತಾರೆ. 100ಕ್ಕಿಂತ 200 ಎರಡು ಪಟ್ಟು ಬಾಳಿಕೆ ಅಂತ ಅರ್ಥ. ಸಾಮಾನ್ಯವಾಗಿ ಸಂಖ್ಯೆ ಕಡಿಮೆ ಇದ್ದಷ್ಟೂ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ. ಆದರೆ ಸಂಖ್ಯೆ ಹಾಕುವುದು ಟೈರ್ ಕಂಪನಿಯೇ. ಹಾಗಾಗಿ ಒಂದು ಕಂಪನಿಯ 200 ಇನ್ನೊಂದು ಕಂಪನಿಯ 200ಕ್ಕೆ ಸಮ ಅಂತ ನಂಬುವ ಹಾಗಿಲ್ಲ. ಎಸ್‌ಸಿಸಿಎ ತನ್ನ ಸ್ಟ್ರೀಟ್ ವಿಭಾಗಕ್ಕೆ (ಹೆಚ್ಚು ಬದಲಾವಣೆ ಮಾಡದ ಕಾರುಗಳ ವಿಭಾಗ) ಕನಿಷ್ಠ 200 ಇರಬೇಕು ಅಂತ ನಿಯಮ ಮಾಡಿದೆ. ಗೆಲ್ಲುವ ಟೈರ್ ಮಾಡಬೇಕೆನ್ನುವ ಕಂಪನಿಗಳು ಸರಿಯಾಗಿ ಆ ಗೆರೆಯ ಮೇಲೆ ಬಂದು ನಿಂತವು. ಬ್ರಿಡ್ಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052, ಫಾಲ್ಕನ್ ಅಜೆನಿಸ್ ಆರ್‌ಟಿ660, ಹ್ಯಾಂಕುಕ್ ವೆಂಟಸ್ ಆರ್‌ಎಸ್4, ಎಲ್ಲದರ ಮೇಲೂ ಅದೇ 200.

ಸಂಖ್ಯೆ ಒಂದೇ ಇದ್ದರೂ ಸ್ವಭಾವ ಒಂದೇ ಅಲ್ಲ. ಇಲ್ಲೇ ತುಂಬಾ ಜನರ ದುಡ್ಡು ಪೋಲಾಗುವುದು. ರಬ್ಬರಿಗೆ ಹಿಡಿತ ಬರುವುದು ಒಂದು ಮಟ್ಟದ ಬಿಸಿ ಮುಟ್ಟಿದ ಮೇಲೆ. ಆಟೊಕ್ರಾಸ್‌ನಲ್ಲಿ ಬಿಸಿ ಮಾಡಿಕೊಳ್ಳಲು ಪುರುಸೊತ್ತಿಲ್ಲ. ಸಾಲಿನಲ್ಲಿ ನಿಂತು ತಣ್ಣಗಾದ ಟೈರು ಹೊರಟ ಕೂಡಲೇ, ಮೊದಲನೇ ತಿರುವಿನಲ್ಲೇ ಕಚ್ಚಿ ಹಿಡಿಯಬೇಕು. ಎ052 ಮತ್ತು ಆರ್‌ಇ-71ಆರ್‌ಎಸ್ ಈ ಕೆಲಸದಲ್ಲಿ ಗಟ್ಟಿಗರು, ಬೇಗ ಬಿಸಿಯಾಗಿ ಬೇಗ ಹಿಡಿಯುತ್ತವೆ. ಅದಕ್ಕೆ ಬೆಲೆಯೂ ಇದೆ. ಬೇಗ ಸವೆಯುತ್ತವೆ, ಜಾಸ್ತಿ ಬಿಸಿಯಾದರೆ ಹಿಡಿತ ಬಿಡುತ್ತವೆ. ಇಬ್ಬರು ಒಂದೇ ಕಾರು ಓಡಿಸುವ ಕಡೆ ರನ್‌ಗಳ ನಡುವೆ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಟೈರಿಗೆ ನೀರು ಸಿಂಪಡಿಸುವುದನ್ನು ನೀವು ನೋಡಿರಬಹುದು. ಅದು ಇದಕ್ಕೇ. ಆರ್‌ಎಸ್4 ಇದಕ್ಕೆ ತದ್ವಿರುದ್ಧ. ಟ್ರ್ಯಾಕ್ ಮೇಲೆ ಸುತ್ತಿನ ಮೇಲೆ ಸುತ್ತು ಹೊಡೆದರೂ ಜಗ್ಗುವುದಿಲ್ಲ, ಬಾಳಿಕೆಯೂ ಚೆನ್ನಾಗಿದೆ. ಆದರೆ ಅದು ಬೆಚ್ಚಗಾಗುವಷ್ಟರಲ್ಲಿ ನಿಮ್ಮ ಒಂದು ನಿಮಿಷ ಮುಗಿದಿರುತ್ತದೆ. ಆರ್‌ಟಿ660 ಈ ಎರಡರ ನಡುವೆ. ‘200 ಹಾಕು’ ಅಂದವರನ್ನು ‘ಯಾವ 200?’ ಅಂತ ಕೇಳಿ. ಕೇಳಲೇಬೇಕಾದ ಪ್ರಶ್ನೆ ಅದು.

ಹಾಗಾದರೆ ಆರ್‌ಇ-71ಆರ್‌ಎಸ್ ಹಾಕಿಸಿ ಅದರಲ್ಲೇ ಆಫೀಸಿಗೂ ಹೋಗಬಾರದಾ? ಬೇಸಿಗೆಯಲ್ಲಿ, ಒಣ ರಸ್ತೆಯಲ್ಲಿ ಹೋಗಬಹುದು, ಕಾನೂನಿನ ತೊಂದರೆಯೂ ಇಲ್ಲ. ಸದ್ದು ಜಾಸ್ತಿ, ಗುಂಡಿಯಲ್ಲಿ ಕುಕ್ಕುವುದೂ ಜಾಸ್ತಿ. ಅದನ್ನು ಸಹಿಸಿಕೊಳ್ಳಬಹುದು ಅನ್ನಿ. ನನ್ನ ಚಿಂತೆ ನೀರಿನದು. ಇಂಥ ಟೈರುಗಳಲ್ಲಿ ರಬ್ಬರ್ ದಿಮ್ಮಿಗಳು ದೊಡ್ಡವು, ನೀರು ಹೊರಹಾಕುವ ತೋಡುಗಳು ಕಡಿಮೆ. ಹೊಸದರಲ್ಲಿ ಮಳೆಯಲ್ಲೂ ಪರವಾಗಿಲ್ಲ. ಅರ್ಧ ಸವೆದ ಮೇಲೆ, ನಿಂತ ನೀರಿನ ಮೇಲೆ 60 ಮೈಲಿ ವೇಗದಲ್ಲಿ, ಟೈರು ರಸ್ತೆ ಬಿಟ್ಟು ತೇಲಲು ಶುರು ಮಾಡುತ್ತದೆ. ಬಟನ್, ಅಂದರೆ ತೋಡುಗಳ ಆಳ, 2/32 ಇಂಚಿಗೆ ಇಳಿಯುವ ತನಕ ಓಡಿಸಬಹುದು ಅಂತ ಅನೇಕ ರಾಜ್ಯಗಳ ಕಾನೂನು ಹೇಳುತ್ತದೆ. ಮಳೆಗಾದರೆ 4/32ಕ್ಕೇ ಬದಲಾಯಿಸಿ ಅಂತ ನಾನು ಹೇಳುತ್ತೇನೆ. ಬೇಗ ಸವೆಯುವ ಟೈರ್ ಆ ಗೆರೆಗೂ ಬೇಗ ಬರುತ್ತದೆ ಅಲ್ವಾ? ಸ್ಪೋರ್ಟ್ 02ರ ಟ್ರೆಡ್‌ವೇರ್ 340. ಒದ್ದೆ ರಸ್ತೆಯಲ್ಲಿ ಅದರ ಹಿಡಿತ ನಿಜಕ್ಕೂ ನೆಮ್ಮದಿ ಕೊಡುತ್ತದೆ.

ಚಳಿಯ ಮಾತೂ ಸೇರಿಸಬೇಕು. ಸ್ಪೋರ್ಟ್ 02 ಕೂಡ ಬೇಸಿಗೆ ಟೈರೇ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಂಥ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಓಡಿಸಿದರೆ ಬಿರುಕು ಬಿಡಲೂಬಹುದು, 200ರ ಟೈರುಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ನ್ಯೂಜೆರ್ಸಿಯ ಚಳಿಗಾಲಕ್ಕೆ ಬೇರೆ ಟೈರ್ ಬೇಕೇ ಬೇಕು. ವರ್ಷಪೂರ್ತಿ ಒಂದೇ ಸೆಟ್ ಅಂತ ಹಟ ಇದ್ದರೆ ಮಿಶೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4 ತಗೊಳ್ಳಿ. ಆಟೊಕ್ರಾಸ್‌ನಲ್ಲಿ ಹಿಂದೆ ಬೀಳುತ್ತೀರಿ, ಆದರೆ ಕಲಿಯುವುದಕ್ಕೆ ಏನೂ ಅಡ್ಡಿಯಿಲ್ಲ.

ಕಲಿಯುವ ಮಾತು ಬಂತಲ್ಲ. ನಿಮ್ಮ ಕಾರಿನ ಜೊತೆ ಬಂದದ್ದು 215/45ಆರ್17 ಅಳತೆಯ ಮಿಶೆಲಿನ್ ಪ್ರೈಮಸಿ. ಹಿಡಿತ ಕಡಿಮೆ ಅಂತ ಅದನ್ನು ಬೈಯುವವರು ತುಂಬಾ ಜನ. ನನಗೆ ಅದರ ಮೇಲೆ ಗೌರವ ಇದೆ. ಜಾರುವ ಮೊದಲು ಕೂಗಿ ಹೇಳುತ್ತದೆ, ನಿಧಾನವಾಗಿ ಜಾರುತ್ತದೆ, ನಿಧಾನ ವೇಗದಲ್ಲೇ ಕಾರಿನ ತೂಕ ಹೇಗೆ ಹಿಂದೆ ಮುಂದೆ ಹೋಗುತ್ತದೆ ಅಂತ ತೋರಿಸಿಕೊಡುತ್ತದೆ. ಸ್ಪೋರ್ಟ್ 02ರಲ್ಲೂ ಆ ಗುಣ ಸಾಕಷ್ಟಿದೆ. ಅಂಟುವ 200ರ ಟೈರು ನಿಮ್ಮ ತಪ್ಪು ಸ್ಟಿಯರಿಂಗನ್ನೂ ಮುಚ್ಚಿಹಾಕುತ್ತದೆ. ಸೆಕೆಂಡುಗಳು ಇಳಿಯುತ್ತವೆ, ಆದರೆ ಇಳಿದದ್ದು ನಿಮ್ಮಿಂದಲೋ ಟೈರಿನಿಂದಲೋ ಗೊತ್ತಾಗುವುದಿಲ್ಲ. ಮೊದಲ ಒಂದೆರಡು ವರ್ಷ ದುಡ್ಡನ್ನು ಎಂಟ್ರಿ ಫೀಸಿಗೆ ಹಾಕಿ, ಜಾಸ್ತಿ ರನ್ ಓಡಿಸಿ. ಅನುಭವಸ್ಥರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ.

ಸ್ಪರ್ಧೆಯಲ್ಲಿ ನಿಮ್ಮ ಕಾರಿನ ತರಗತಿಯಲ್ಲಿ (ಕ್ಲಾಸ್) ಮೇಲಿನ ಸಾಲಿನವರ ಹತ್ತಿರ ಬಂದ ಮೇಲೆ ಎರಡನೇ ಸೆಟ್ ಚಕ್ರಕ್ಕೆ 200ರ ಟೈರ್ ಹಾಕಿಸಿ. ಚಕ್ರದ ಅಗಲ ಎಷ್ಟಿರಬಹುದು ಅಂತ ತರಗತಿಯ ನಿಯಮ ಓದಿಕೊಂಡೇ ಕೊಳ್ಳಿ. ಸ್ಟ್ರೀಟ್ ವಿಭಾಗದಲ್ಲಿ ಕಾರಿನ ಮೂಲ ಅಗಲವನ್ನೇ ಇಟ್ಟುಕೊಳ್ಳಬೇಕು. ಸಾಗಿಸುವ ಚಿಂತೆ ಬೇಡ. ಹಿಂದಿನ ಸೀಟು ಮಡಚಿದರೆ ಜಿಆರ್86 ಒಳಗೆ ನಾಲ್ಕು ಚಕ್ರ ಹಿಡಿಯುತ್ತವೆ, ಟೊಯೋಟಾ ಅದನ್ನು ಲೆಕ್ಕ ಇಟ್ಟೇ ಮಾಡಿದೆ.

ಯಾವ ಟೈರ್ ಹಾಕಿಸಿದರೂ ಗಾಳಿಯ ಕಡೆ ಗಮನ ಇರಲಿ. ಈ ಕಾರಿನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನುವ ಬಗೆಯ ಸಸ್ಪೆನ್ಷನ್. ಜೋರಾಗಿ ತಿರುಗಿಸಿದಾಗ ಕಾರು ವಾಲುತ್ತದೆ, ಮುಂದಿನ ಟೈರಿನ ಹೊರ ಅಂಚಿನ ಮೇಲೆ ಭಾರ ಬೀಳುತ್ತದೆ, ಅಂಚು ಮೊದಲು ಸವೆಯುತ್ತದೆ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದದ್ದಕ್ಕಿಂತ ಎರಡು ಮೂರು ಪಿಎಸ್‌ಐ ಜಾಸ್ತಿ ಹಾಕಿ ಶುರು ಮಾಡಿ. ಟೈರಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಒಂದು ರನ್ ಹೋಗಿ ಬನ್ನಿ. ಪಕ್ಕೆಯ ಮೇಲಿನ ಪುಟ್ಟ ತ್ರಿಕೋನದ ಗುರುತಿನಿಂದ ಕೆಳಕ್ಕೂ ಸುಣ್ಣ ಅಳಿಸಿದ್ದರೆ ಗಾಳಿ ಕಡಿಮೆ ಅಂತ. ಗುರುತಿನ ತನಕವೂ ಅಳಿಸಿಲ್ಲದಿದ್ದರೆ ಒಂದೊಂದೇ ಪಿಎಸ್‌ಐ ಇಳಿಸಿ. ರನ್ ಆದ ಹಾಗೆ ಒತ್ತಡ ಏರುತ್ತದೆ, ಪ್ರತಿ ಸಲ ನೋಡಿ. ಮನೆಗೆ ಬಂದು ಟೈರ್ ತಣಿದ ಮೇಲೆ ಸ್ಟಿಕ್ಕರಿನ ಅಳತೆಗೆ ವಾಪಸ್ ತನ್ನಿ. ತೀರಾ ಅಂಚೇ ಸವೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡುವವರ ಹತ್ತಿರ ಮುಂದಿನ ಚಕ್ರಗಳ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಹೆಚ್ಚಿಸಬಹುದಾ ಅಂತ ಕೇಳಿ, ಇದಕ್ಕೂ ನಿಯಮ ನೋಡಿಕೊಂಡು.

ಕೊನೆಗೆ ಅಳತೆ. 215/45ಆರ್17 ಬದಲು 225/45ಆರ್17 ಹಾಕಿಸಿದರೂ ನಿಮ್ಮ 7.5 ಇಂಚಿನ ಚಕ್ರಕ್ಕೆ ಸರಿಯಾಗಿ ಕೂರುತ್ತದೆ. ಟೈರಿನ ಎತ್ತರ 9 ಮಿಲಿಮೀಟರ್ ಹೆಚ್ಚುತ್ತದೆ, ಸ್ಪೀಡೋಮೀಟರ್‌ನಲ್ಲಿ ಶೇಕಡಾ ಒಂದೂವರೆಯಷ್ಟು ವ್ಯತ್ಯಾಸ. 225ರಲ್ಲಿ ಆಯ್ಕೆ ಜಾಸ್ತಿ ಇರುವುದರಿಂದ ಎಷ್ಟೋ ಸಲ ಬೆಲೆಯೂ ಕಡಿಮೆ ಇರುತ್ತದೆ. ಎರಡರ ಬೆಲೆ ನೋಡಿ, ಕಡಿಮೆ ಇದ್ದದ್ದನ್ನು ತಗೊಳ್ಳಿ. ಹಾಕಿಸುವ ಮೊದಲು ಪಕ್ಕೆಯ ಮೇಲೆ DOT (ಡಾಟ್) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. ಮೊದಲೆರಡು ತಯಾರಾದ ವಾರ, ಆಮೇಲಿನ ಎರಡು ವರ್ಷ. ಅಂಗಡಿಯವರು ಹಳೇ ದಾಸ್ತಾನು ತಂದಿದ್ದರೆ ಹೊಸದು ತರಿಸಿಕೊಡಿ ಅಂತ ಕೇಳಿ.