ಫ್ರೆಂಚ್ ಕ್ರೈಂ ಥ್ರಿಲ್ಲರ್‌ಗಳಲ್ಲಿ ಅರಬ್, ಆಫ್ರಿಕನ್ ಮೂಲದವರು ಬರೀ ಖಳರಾ? ಯಾವುದರಿಂದ ನೋಡಲು ಶುರು ಮಾಡಲಿ?

ಬರೀ ಖಳರಲ್ಲ. ಆದರೆ ತೆರೆ ಮೇಲೆ ಅಂಥ ಮುಖಗಳು ಎಷ್ಟಿವೆ ಅಂತ ಎಣಿಸುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ನಾನು ನೋಡುವುದು ಎರಡು ವಿಷಯ: ಆ ಪಾತ್ರಕ್ಕೆ ಮನೆ, ತಾಯಿ, ನೆನಪು ಇವೆಯಾ? ಪೊಲೀಸರು ಅವನನ್ನು ಹೇಗೆ ಮಾತಾಡಿಸುತ್ತಾರೆ?

ಎರಡನೆಯದು ಕನ್ನಡದವರಿಗೆ ತಟ್ಟನೆ ಹೊಳೆಯುತ್ತದೆ. ನಮ್ಮ ನೀನು, ನೀವು ಇದ್ದ ಹಾಗೆ ಫ್ರೆಂಚಿನಲ್ಲಿ ‘ತ್ಯು’, ‘ವು’ ಇವೆ. 2014ರಿಂದ ಜಾರಿಯಲ್ಲಿರುವ ಪೊಲೀಸ್ ನೀತಿಸಂಹಿತೆಯ ಪ್ರಕಾರ ಜನರನ್ನು ‘ವು’ ಎಂದೇ ಕರೆಯಬೇಕು. ಆದರೂ ವಲಸಿಗರ ಬಡಾವಣೆಯ ಹುಡುಗರನ್ನು ತಡೆದು ಗುರುತಿನ ಚೀಟಿ ಕೇಳುವ ದೃಶ್ಯ ಬಂದಾಗ ಪೊಲೀಸರ ಬಾಯಿಂದ ಬರುವುದು ಸಾಮಾನ್ಯವಾಗಿ ‘ತ್ಯು’. ಇಂಗ್ಲಿಷ್ ಸಬ್‌ಟೈಟಲ್ ಎರಡನ್ನೂ ‘ಯು’ ಮಾಡಿಬಿಡುವುದರಿಂದ ಆ ಅವಮಾನ ನಮ್ಮ ತನಕ ತಲುಪುವುದೇ ಇಲ್ಲ. ಡಬ್ಬಿಂಗ್ ಬಿಟ್ಟು ಫ್ರೆಂಚ್ ಆಡಿಯೊದಲ್ಲೇ ನೋಡಿ, ಆ ಎರಡು ಪದಕ್ಕೆ ಕಿವಿಗೊಡಿ.

ಮೊದಲು ನೋಡಬೇಕಾದ್ದು ಲಾಜ್ ಲಿ ನಿರ್ದೇಶನದ 2019ರ ‘ಲೆ ಮಿಸೆರಾಬ್ಲ್’. ಅವರು ಬೆಳೆದ, ಪ್ಯಾರಿಸ್ ಹೊರವಲಯದ ಮೋಂಫೆರ್‌ಮೈಲ್‌ನಲ್ಲೇ ನಡೆಯುವ ಕಥೆ. ಗಸ್ತಿನಲ್ಲಿರುವ ಮೂವರು ಪೊಲೀಸರಲ್ಲಿ ಒಬ್ಬ, ಗ್ವಾದಾ, ಕಪ್ಪು ವರ್ಣದವನು. ಗಲಾಟೆಯಲ್ಲಿ ಹುಡುಗನೊಬ್ಬನ ಮುಖಕ್ಕೆ ರಬ್ಬರ್ ಗುಂಡು ಹಾರಿಸುವವನೂ ಅವನೇ. ಅದೇ ರಾತ್ರಿ ತಾಯಿಯ ಮನೆಗೆ ಬಂದು ಅಳುತ್ತಾನೆ. ಪೊಲೀಸರ ಕಡೆಗೂ ಬಡಾವಣೆಯ ಕಡೆಗೂ ಪೂರ್ತಿ ಸೇರದ ಅವನ ಪಾಡು ಆ ಒಂದು ದೃಶ್ಯದಲ್ಲಿದೆ. ಹೆಂಗಸರಿಗೆ ಮಾತ್ರ ಈ ಚಿತ್ರದಲ್ಲಿ ಜಾಗ ಕಡಿಮೆ, ಅದು ನಿಜವಾದ ಕೊರತೆ.

ಆಮೇಲೆ ಜಾಕ್ ಓದಿಯಾರ್‌ನ ‘ಅಂ ಪ್ರೊಫೆತ್’ (2009). ನಟ ತಾಹರ್ ರಹೀಮ್ ಅವರ ಪಾತ್ರ ಇಲ್ಲಿ ಅಪರಾಧಿಯದೇ. ಆದರೆ ಅವನು ಜೈಲಿನಲ್ಲಿ ಓದು ಬರಹ ಕಲಿಯುತ್ತಾನೆ, ಕಾರ್ಸಿಕಾ ದ್ವೀಪದ ಗ್ಯಾಂಗಿನವರ ಮಾತು ಕೇಳಿಕೇಳಿಯೇ ಅವರ ಭಾಷೆಯನ್ನೂ ಕಲಿಯುತ್ತಾನೆ. ಖಳನ ಪಾತ್ರವಾದರೇನು, ತಲೆಯೊಳಗೆ ಏನು ಓಡುತ್ತಿದೆ ಅಂತ ತೋರಿಸಿದರೆ ಪ್ರಾತಿನಿಧ್ಯ ಸಿಕ್ಕ ಹಾಗೇ.

ಇದಕ್ಕೆ ಎದುರಾಗಿ ದೆಪ್ಲೆಶಾಂ ಅವರ ‘ರೂಬೆ’ ಚಿತ್ರವಿದೆ (2019). ಪೊಲೀಸ್ ಮುಖ್ಯಸ್ಥ ದಾವೂದ್ ಅಲ್ಜೀರಿಯಾ ಮೂಲದವನು, ಕೊಲೆಯ ಆರೋಪ ಇರುವುದು ಇಬ್ಬರು ಬಡ ಬಿಳಿ ಹೆಂಗಸರ ಮೇಲೆ. ದಾವೂದ್ ಪಾತ್ರಕ್ಕೆ ನಟ ರೋಷ್ದಿ ಜೆಮ್ 2020ರಲ್ಲಿ ಫ್ರಾನ್ಸ್‌ನ ಸೇಜಾರ್ ಚಲನಚಿತ್ರ ಪ್ರಶಸ್ತಿ ಪಡೆದರು.

ಎಡವಿದ್ದು ಎಲ್ಲಿ ಅಂತ ನೋಡಲು ‘ಬಾಕ್ ನೋರ್’ ಚಿತ್ರ ಸಾಕು. ಮಾರ್ಸೆ ನಗರದ ಉತ್ತರ ಬಡಾವಣೆಗಳ ಜನ ಅದರಲ್ಲಿ ಹೆಚ್ಚಾಗಿ ಹೆಸರಿಲ್ಲದ, ಕಿರುಚುವ ಗುಂಪು. 2021ರಲ್ಲಿ ಕಾನ್ ಚಿತ್ರೋತ್ಸವದಲ್ಲೇ ಈ ಬಗ್ಗೆ ಪ್ರಶ್ನೆ ಎದ್ದಿತ್ತು.

ಅಂಕಿಅಂಶ ಹುಡುಕುವುದಾದರೆ ಒಂದು ತೊಡಕಿದೆ. ಜನಾಂಗದ ಲೆಕ್ಕ ಇಡುವುದಕ್ಕೆ ಫ್ರಾನ್ಸ್‌ನಲ್ಲಿ ಕಾನೂನಿನ ಕಟ್ಟುನಿಟ್ಟು ಬಹಳ. ಹಾಗಾಗಿ ಟಿವಿ ನಿಯಂತ್ರಣ ಸಂಸ್ಥೆ 2009ರಿಂದ ಮಾಡುತ್ತಿರುವ ಸಮೀಕ್ಷೆ ‘ನೋಡಿದರೆ ಬಿಳಿಯರಲ್ಲ ಅನ್ನಿಸುವವರು’ ಎಂದು ವಿಂಗಡಿಸುತ್ತದೆ. ಅದನ್ನು ಜನಗಣತಿಯ ಹಾಗೆ ಓದಬೇಡಿ.

ಕೊನೆಗೆ ಒಂದು ಪುಸ್ತಕ: ದಿದಿಯೆ ದೆನಾಂಕ್ಸ್ ಅವರ ‘ಮರ್ಡರ್ ಇನ್ ಮೆಮೋರಿಯಂ’, ಇಂಗ್ಲಿಷ್ ಅನುವಾದ ಇದೆ. 1961ರ ಅಕ್ಟೋಬರ್ 17ರಂದು ಪ್ಯಾರಿಸ್‌ನಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರನ್ನು ಪೊಲೀಸರು ಕೊಂದರು. ಸರ್ಕಾರ ಅದನ್ನು ದಶಕಗಳ ಕಾಲ ಮುಚ್ಚಿಟ್ಟಿತು. 1980ರ ದಶಕದಲ್ಲಿ ಆ ರಾತ್ರಿಯನ್ನು ಎಷ್ಟೋ ಓದುಗರ ಮುಂದೆ ತಂದಿಟ್ಟದ್ದು ಈ ಪತ್ತೇದಾರಿ ಕಾದಂಬರಿ.