ಮಳೆ ಲೆಕ್ಕದ ಫೈಲು ಎಲ್ಲಿ ಹೋಯ್ತು?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟ. ಮಳೆಮಾಪಕಕ್ಕೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಜೋಡಿಸಿ, ಇಂಚು–ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕ ಬರೆದಿಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಮಾಡಿದ್ದೇನೆ. ನಾನೇ ಓಡಿಸಿದರೆ ಲೆಕ್ಕ ನನ್ನ ಹೋಮ್ ಡೈರೆಕ್ಟರಿಯ ಫೈಲಿಗೆ ಸೇರುತ್ತದೆ. ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು) ಶುರುವಾದಾಗ, ದಿನಾ ತಾನೇ ಓಡಲಿ ಅಂತ ಸುಡೋ ಹಾಕಿ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಸೇರಿಸಿದೆ. ಆಮೇಲೆ ಒಂದು ಸಾಲೂ ಬಂದಿಲ್ಲ. ಎರರ್ ಕೂಡ ಇಲ್ಲ. ಯಾಕೆ ಸಾರ್?

ಉತ್ತರ: ಗಾಬರಿ ಬೇಡ, ಲೆಕ್ಕ ಕಳೆದುಹೋಗಿಲ್ಲ. ರೂಟ್ ಅನ್ನೋ ಮುಖ್ಯ ಖಾತೆಯ ಹೋಮ್, ಅಂದರೆ /ರೂಟ್ ಡೈರೆಕ್ಟರಿಯಲ್ಲಿರಬೇಕು, ನೋಡಿ. ಸುಡೋ ಅಂದರೆ ಕಮಾಂಡನ್ನು ರೂಟ್ ಹೆಸರಲ್ಲಿ ಓಡಿಸುವುದು. ಅದನ್ನು ಹಾಕಿದ್ದರಿಂದ ಕೆಲಸ ನಿಮ್ಮ ಕ್ರಾನ್ ಪಟ್ಟಿಗಲ್ಲ, ರೂಟ್‌ನ ಪಟ್ಟಿಗೆ ಹೋಯಿತು.

ಪೈ ಓಡುವುದು ಲಿನಕ್ಸ್‌ನಲ್ಲಿ. ಅದರ ತಿರುಳಾದ ಕರ್ನಲ್‌ಗೆ ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯುಐಡಿ ಅನ್ನೋ ನಂಬರ್ ಮಾತ್ರ. ರೂಟ್‌ಗೆ 0. ಪೈನಲ್ಲಿ ಮೊದಲು ಮಾಡಿದ ಖಾತೆಗೆ ಸಾಮಾನ್ಯವಾಗಿ 1000. ಹೆಸರು, ಹೋಮ್ ಎಲ್ಲ ಇರುವುದು /ಇಟಿಸಿ/ಪಾಸ್‌ವ್ಡ್ ಫೈಲಿನಲ್ಲಿ. ಅದರ ಒಂದು ಸಾಲು ಹೀಗಿರುತ್ತದೆ:

ತೋಟ:ಎಕ್ಸ್:1000:1000::/ಹೋಮ್/ತೋಟ:/ಬಿನ್/ಬ್ಯಾಷ್

ಕೋಲನ್ ಹಾಕಿ ಬೇರೆ ಮಾಡಿದ ಏಳು ಭಾಗ. ಮೂರನೆಯದು ಯುಐಡಿ, ಆರನೆಯದು ಹೋಮ್. (ಎಕ್ಸ್ ಇದ್ದರೆ ಪಾಸ್‌ವರ್ಡ್ ಇಲ್ಲಿಲ್ಲ, ಶ್ಯಾಡೋ ಫೈಲಿನಲ್ಲಿದೆ ಅಂತ.) ಲಾಗಿನ್ ಆದಾಗ ಈ ಆರನೇ ಭಾಗವೇ ಹೋಮ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂಗಳು ಓದಿಕೊಳ್ಳುವ ಹೆಸರಿಟ್ಟ ಮೌಲ್ಯ) ಬಂದು ಕೂರುತ್ತದೆ. ಕ್ರಾನ್ ಕೂಡ ಹಾಗೇ ಮಾಡುತ್ತದೆ.

ಆದರೆ ವೇರಿಯಬಲ್ಲನ್ನು ಯಾರು ಬೇಕಾದರೂ ಬದಲಿಸಬಹುದು. ಹಾಗಾಗಿ ಓಡಿಸುತ್ತಿರುವವರು ಯಾರು ಅಂತ ತಿಳಿಯಲು ಯೂಸರ್ ವೇರಿಯಬಲ್ ನಂಬಬೇಡಿ. ಕ್ರಾನ್‌ನಲ್ಲಿ ಅದು ಇರದೇ ಹೋಗಬಹುದು. ಪ್ರೋಗ್ರಾಂನಲ್ಲಿ ಗೆಟ್‌ಯುಐಡಿ ಫಂಕ್ಷನ್ ಕರೆದು ನಂಬರ್ ತಗೊಳ್ಳಿ, ಅದನ್ನು ಗೆಟ್‌ಪಿಡಬ್ಲ್ಯುಯುಐಡಿ ಫಂಕ್ಷನ್‌ಗೆ ಕೊಟ್ಟು ಹೆಸರು ಕೇಳಿ. ಹೋಮ್ ವಿಚಾರ ಬೇರೆ. ಅಲ್ಲಿ ಮೊದಲು ವೇರಿಯಬಲ್ ನೋಡುವುದೇ ಸರಿ. ಫೈಲು ಎಲ್ಲಿರಬೇಕು ಅನ್ನೋದು ಬಳಸುವವರ ಇಷ್ಟ ಅಲ್ವಾ? ಅದು ಇಲ್ಲದಿದ್ದರೆ ಪಾಸ್‌ವ್ಡ್ ನೋಡಿ. ಪೈಥಾನ್‌ನ ಎಕ್ಸ್‌ಪ್ಯಾಂಡ್‌ಯೂಸರ್ ಫಂಕ್ಷನ್ ಮಾಡುವುದೂ ಇದನ್ನೇ. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಮಾತ್ರ ಕೀ ಫೈಲು ಹುಡುಕಲು ವೇರಿಯಬಲ್ ನೋಡದೆ ನೇರ ಪಾಸ್‌ವ್ಡ್‌ಗೇ ಹೋಗುತ್ತದೆ.

ನಿಮ್ಮ ವಿಷಯದಲ್ಲಿ ಯಾವ ದಾರಿಯಲ್ಲಿ ಕೇಳಿದರೂ ಉತ್ತರ ರೂಟ್ ಅಂತಲೇ ಬರುತ್ತದೆ. ಸುಮ್ನೆ ಕೋಡ್ ತಿದ್ದಲು ಹೋಗಬೇಡಿ. ಸುಡೋ ಇಲ್ಲದೆ ಕ್ರಾನ್‌ಟ್ಯಾಬ್ -ಇ ಕೊಟ್ಟು ನಿಮ್ಮ ಪಟ್ಟಿಗೇ ಸೇರಿಸಿ, ರೂಟ್‌ನದ್ದು ಅಳಿಸಿ. ಸೆನ್ಸರ್ ಓದಲು ಅನುಮತಿ ಇಲ್ಲ ಅಂದರೆ ನಿಮ್ಮ ಖಾತೆಯನ್ನು ಜಿಪಿಐಒ (ಸೆನ್ಸರ್ ಜೋಡಿಸುವ ಪಿನ್‌ಗಳು) ಗುಂಪಿಗೆ ಸೇರಿಸಿ. ಆಮೇಲೆ /ರೂಟ್‌ನಲ್ಲಿರುವ ಫೈಲನ್ನು ಬೇರೆ ಹೆಸರಲ್ಲಿ ನಿಮ್ಮ ಹೋಮ್‌ಗೆ ಕಾಪಿ ಮಾಡಿ. ಅದೇ ಹೆಸರು ಕೊಟ್ಟರೆ ಹಳೆ ಲೆಕ್ಕ ಅಳಿಸಿಹೋಗುತ್ತದೆ. ಫೈಲಿನ ಮಾಲೀಕರನ್ನು ಬದಲಿಸುವ ಚೌನ್ ಕಮಾಂಡಿನಿಂದ ಆ ಕಾಪಿಯನ್ನು ನಿಮ್ಮ ಖಾತೆಗೆ ಮಾಡಿಕೊಂಡು, ಕಕ್ಕಡದ ಸಾಲುಗಳನ್ನು ಹಳೆ ಫೈಲಿನ ಕೊನೆಗೆ ಸೇರಿಸಿಕೊಳ್ಳಿ.